ಅಂಗಳದ ದೂರದರ್ಶಕವೂ ಗ್ರಹಗಳ ಛಾಯಾಚಿತ್ರವೂ

ಬಾಲರಾಮನು ಆಕಾಶದ ಚಂದ್ರನೇ ಆಟಕ್ಕೆ ಬೇಕೆಂದು ಹಟಹಿಡಿದು ಅತ್ತಾಗ, ಅವನ ಕೈಗೊಂದು ಕನ್ನಡಿಯನ್ನಿತ್ತು, ಅದರಲ್ಲಿ ಬಿದ್ದ ಬಿಂಬವನ್ನು ತೋರಿಸಿ ಸಮಾಧಾನಗೊಳಿಸಿದರೆಂಬ ಕತೆಯನ್ನು ಕೇಳದೆ ಬೆಳೆದ ಮಕ್ಕಳು ಕನ್ನಡದ ಮನೆಗಳಲ್ಲಿ ವಿರಳ. ಕತೆ ಅಲ್ಲಿಗೆ ಮುಗಿಯುತ್ತದೆ. ಕನ್ನಡಿಯನ್ನು ಅತ್ತ ತಿರುಗಿಸಿದೊಡನೆ ಚಂದ್ರನು ಏನಾದನೆಂಬುದನ್ನು ಯಾರೂ ಕೇಳುವುದಿಲ್ಲ. ಕೈಗೆ ದಕ್ಕದ ವಸ್ತುವಿಗೆ ‘ಕನ್ನಡಿಯೊಳಗಿನ ಗಂಟು’ ಎಂಬ ಹೆಸರು ಸುಮ್ಮನೆ ಬಂದುದಲ್ಲ.

ಆದರೆ ಬಿಂಬವನ್ನು ಹಿಡಿದಿಟ್ಟುಕೊಳ್ಳುವ ಕನ್ನಡಿಯೊಂದು ೧೮೩೯ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಲೂಯಿ ದಾಗೇರ್ ಎಂಬ ಚಿತ್ರಕಾರನು ತಾಮ್ರದ ತಗಡಿಗೆ ಬೆಳ್ಳಿಯನ್ನು ಲೇಪಿಸಿ, ಅದನ್ನು ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿ, ಅಯೊಡಿನ್ನಿನ ಆವಿಗೆ ಒಡ್ಡುತ್ತಿದ್ದನು. ಹೀಗೆ ಸಿದ್ಧವಾದ ತಗಡಿನ ಮೇಲೆ ಬೆಳಕು ಬಿದ್ದ ಬಳಿಕ ಪಾದರಸದ ಆವಿಯನ್ನು ಹಾಯಿಸಿದರೆ ಬಿಂಬವು ಮೂಡಿ ನಿಲ್ಲುತ್ತಿದ್ದಿತು. ಜ್ಯೋತಿರ್ವಿದನಾದ ಅರಾಗೋ ಆ ವರ್ಷದ ಜನವರಿ ೭ರಂದು ಈ ಸುದ್ದಿಯನ್ನು ಫ್ರಾನ್ಸಿನ ವಿಜ್ಞಾನ ಪರಿಷತ್ತಿಗೆ ತಿಳಿಸಿದಾಗ, ಚಂದ್ರನ ಬೆಳಕೂ ಆ ತಗಡಿನ ಮೇಲೆ ಗುರುತು ಮಾಡುವುದೆಂಬುದನ್ನು ಸೇರಿಸಿ ಹೇಳಿದನು. ಗುರುತೇನೋ ಆದುದು ನಿಜ. ಅದು ಬರಿಯ ಬಿಳಿಯ ಮಸುಕು. ಶಶಾಂಕನೆಂಬ ಹೆಸರನ್ನು ಸಾರ್ಥಕಗೊಳಿಸುವ ಮೊಲದ ಕಲೆ ಅದರಲ್ಲಿ ಇರಲಿಲ್ಲ.

ಕಾರಣವು ಸುಲಭವಾದುದು. ಭೂಮಿಯು ತಿರುಗುತ್ತಿರುವುದರಿಂದ ಚಂದ್ರನು ಎರಡು ನಿಮಿಷಕ್ಕೊಮ್ಮೆ ತನ್ನ ಅಗಲದಷ್ಟು ದೂರ ಪಶ್ಚಿಮಕ್ಕೆ ಸರಿದುಹೋಗುವನು. ಅಂದಿನ ತಗಡುಗಳೋ ಬಲು ಮಂದ. ಚಂದ್ರನ ತಂಪಾದ ಬೆಳಕನ್ನು ಹೀರಿಕೊಳ್ಳಲು ಅವಕ್ಕೆ ಹಲವು ನಿಮಿಷಗಳು ಬೇಕು. ಓಡುವವನ ಭಾವಚಿತ್ರವನ್ನು ಕುಳಿತಲ್ಲೇ ತೆಗೆಯಲು ಹೊರಟಂತಾಗುತ್ತಿದ್ದಿತು. ನ್ಯೂಯಾರ್ಕಿನ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಉಪಾಧ್ಯಾಯನಾಗಿದ್ದ ಜಾನ್ ವಿಲಿಯಂ ಡ್ರೇಪರನು ಗಡಿಯಾರದ ಚಕ್ರಗಳಿಂದ ಮೆಲ್ಲನೆ ತಿರುಗುವ ದರ್ಪಣವೊಂದರಿಂದ ಚಂದ್ರನ ಬೆಳಕನ್ನು ಒಂದೇ ಕಡೆಗೆ ಹಾಯಿಸಿ, ಇಪ್ಪತ್ತು ನಿಮಿಷಗಳ ಕಾಲ ತಗಡನ್ನು ಒಡ್ಡಿ, ಸುಮಾರು ಒಂದಂಗುಲ ಅಗಲದ ಚಂದ್ರಬಿಂಬವನ್ನು ಪಡೆದನು. ಅದರಲ್ಲಿ ಚಂದ್ರನ ಕಪ್ಪು ಕಲೆಗಳು ಕಾಣುತ್ತಿದ್ದುವು. ಈ ಸಂಗತಿಯನ್ನು ಅವನು ಆ ನಗರದ ಪ್ರಕೃತಿಶಾಸ್ತ್ರ ಸಂಘಕ್ಕೆ ತಿಳಿಸಿದುದು ೧೮೪೦ನೆಯ ಮಾರ್ಚ್ ೨೩ರಂದು. ಆಕಾಶಕಾಯಗಳ ಛಾಯಾಚಿತ್ರಕ್ಕೆ ಅದೇ ಜನ್ಮದಿನವೆಂದು ಎಣಿಸುವವರುಂಟು. ಆ ಕೆಲಸವು ನಡೆದುದು ಯಾವ ರಾಜಾಶ್ರಿತ ವೇಧಶಾಲೆಯಲ್ಲಿಯೂ ಅಲ್ಲ. ಕಾಲೇಜಿನ ಮಾಳಿಗೆಯ ಮೇಲೆ, ರಸಾಯನಶಾಸ್ತ್ರದ ಒಬ್ಬ ಮೇಷ್ಟರಿಂದ.

ಹತ್ತು ವರ್ಷಗಳ ತರುವಾಯ ಹಾರ್ವರ್ಡಿನ ಹದಿನೈದಂಗುಲದ ದೊಡ್ಡ ದೂರದರ್ಶಕದಲ್ಲಿ ಬಾಂಡ್ ಎಂಬ ಜ್ಯೋತಿರ್ವಿದನೂ ವಿಪಲ್ ಎಂಬ ಬಾಸ್ಟನ್ನಿನ ವೃತ್ತಿಪರ ಛಾಯಾಗ್ರಾಹಕನೂ ಕೂಡಿ ಇನ್ನೂ ಸ್ಫುಟವಾದ ಚಂದ್ರಚಿತ್ರಗಳನ್ನು ತೆಗೆದರು. ಅವು ೧೮೫೧ರಲ್ಲಿ ಲಂಡನ್ನಿನ ಮಹಾಪ್ರದರ್ಶನಕ್ಕೆ ಹೋಗಿ ಪದಕವನ್ನು ಗಳಿಸಿದುವು. ಪದಕಕ್ಕಿಂತ ಹೆಚ್ಚಿನ ಫಲವೊಂದು ಅಲ್ಲಿಯೇ ಉಂಟಾಯಿತು. ಅದೇ ಪ್ರದರ್ಶನದಲ್ಲಿ ಕಾಗದದ ಲಕೋಟೆಗಳನ್ನು ಮಡಿಸುವ ಯಂತ್ರವೊಂದನ್ನು ಇಟ್ಟಿದ್ದ ವರ್ತಕನೊಬ್ಬನು ಆ ಚಿತ್ರಗಳನ್ನು ಕಂಡು ಮರುಳಾದನು.

ಅವನ ಹೆಸರು ವಾರೆನ್ ಡಿ ಲಾ ರೂ. ತಂದೆಯ ಕಾಲದಿಂದ ಬಂದ ಕಾಗದದ ಮತ್ತು ಇಸ್ಪೀಟು ಎಲೆಗಳ ವ್ಯಾಪಾರ ಅವನದು. ಹಗಲೆಲ್ಲ ಕಾರ್ಖಾನೆ, ರಾತ್ರಿ ಲಂಡನ್ನಿನ ಕ್ಯಾನನ್ಬರಿಯ ಮನೆಯ ಹಿತ್ತಿಲಿನಲ್ಲಿ ತನ್ನ ಕೈಯಿಂದಲೇ ಅರೆದು ಮೆರುಗಿಟ್ಟ ಹದಿಮೂರಂಗುಲದ ಲೋಹದರ್ಪಣದ ದೂರದರ್ಶಕ. ಅದೇ ೧೮೫೧ರಲ್ಲಿ ಸ್ಕಾಟ್ ಆರ್ಚರ್ ಎಂಬ ಶಿಲ್ಪಿಯು ಗಾಜಿನ ಫಲಕಕ್ಕೆ ಕಲೋಡಿಯನ್ ಎಂಬ ಅಂಟುದ್ರವವನ್ನು ಬಳಿದು ಚಿತ್ರ ತೆಗೆಯುವ ಹೊಸ ಬಗೆಯನ್ನು ಪ್ರಕಟಿಸಿದ್ದನು. ತಗಡಿಗಿಂತ ಇದು ಬಹು ಚುರುಕು. ಇಪ್ಪತ್ತು ನಿಮಿಷಗಳ ಕೆಲಸವು ಹತ್ತಿಪ್ಪತ್ತು ಸೆಕೆಂಡುಗಳಿಗೆ ಇಳಿಯಿತು. ತೊಡಕು ಏನೆಂದರೆ ಫಲಕವು ಒದ್ದೆಯಾಗಿರುವಾಗಲೇ ಎಲ್ಲವೂ ಮುಗಿಯಬೇಕು. ಬಳಿಯುವುದು, ಬೆಳ್ಳಿಯ ದ್ರಾವಣದಲ್ಲಿ ಅದ್ದುವುದು, ಬೆಳಕಿಗೊಡ್ಡುವುದು, ತೊಳೆಯುವುದು, ಇವೆಲ್ಲವೂ ಹತ್ತಾರು ನಿಮಿಷಗಳೊಳಗೆ, ಕತ್ತಲೆಯಲ್ಲಿ, ಇಂಗ್ಲೆಂಡಿನ ಚಳಿಯಲ್ಲಿ.

ಡಿ ಲಾ ರೂವಿನ ದೂರದರ್ಶಕಕ್ಕೆ ಆಗ ಚಂದ್ರನನ್ನು ಹಿಂಬಾಲಿಸುವ ಗಡಿಯಾರದ ಯಂತ್ರವಿರಲಿಲ್ಲ. ಅವನು ಮಾಡಿದ ಉಪಾಯವು ಇಂದು ಓದುವವರಿಗೂ ಬೆರಗನ್ನುಂಟುಮಾಡುವಂತಹುದು. ಒದ್ದೆಯ ಕಲೋಡಿಯನ್ ಪೊರೆಯು ಅರೆಪಾರದರ್ಶಕವಾದುದು. ಅದರ ಮೇಲೆ ಬಿದ್ದ ಚಂದ್ರಬಿಂಬವನ್ನು ಹಿಂದಿನಿಂದ ನೋಡಬಹುದು. ಚಂದ್ರನ ಮೇಲಿನ ಕುಳಿಯೊಂದನ್ನು ಗುರುತಿಗಾಗಿ ಆರಿಸಿಕೊಂಡು, ಫಲಕವಿಟ್ಟ ಚೌಕಟ್ಟನ್ನು ಕೈಯಿಂದ ಮೆಲ್ಲಮೆಲ್ಲನೆ ಸರಿಸುತ್ತ, ಆ ಕುಳಿಯು ಫಲಕದ ಮೇಲೆ ಇದ್ದಲ್ಲಿಯೇ ಇರುವಂತೆ ನೋಡಿಕೊಳ್ಳುವನು. ದೂರದರ್ಶಕದ ಬಾಯಿಯನ್ನು ತೆರೆದು ಮುಚ್ಚುವ ಕೆಲಸ ಒಬ್ಬ ಸ್ನೇಹಿತನದು. ಹತ್ತರಿಂದ ಮೂವತ್ತು ಸೆಕೆಂಡುಗಳವರೆಗೆ ಕಣ್ಣು, ಕೈ, ಚಂದ್ರ ಮೂರೂ ಒಂದೇ ತಾಳಕ್ಕೆ ನಡೆಯಬೇಕು. ೧೮೫೨ರಲ್ಲಿ ಹೀಗೆ ಕೆಲವು ಒಳ್ಳೆಯ ಚಿತ್ರಗಳು ದೊರೆತುವು. ಆದರೆ ಕೈಯ ಶಕ್ತಿಗೆ ಮಿತಿಯುಂಟೆಂಬುದನ್ನು ಅವನೇ ಬೇಗ ಒಪ್ಪಿಕೊಂಡು ಕೆಲಸವನ್ನು ಬದಿಗಿಟ್ಟನು. ೧೮೫೭ರಲ್ಲಿ ಲಂಡನ್ನಿನ ಹೊಗೆಯಿಂದ ದೂರವಾದ ಕ್ರ್ಯಾನ್‌ಫರ್ಡ್ ಎಂಬ ಹಳ್ಳಿಗೆ ಮನೆಯನ್ನು ಬದಲಾಯಿಸಿ, ಗಡಿಯಾರದ ಯಂತ್ರವನ್ನು ಕಟ್ಟಿಕೊಂಡು ಮತ್ತೆ ತೊಡಗಿದನು. ಚಂದ್ರನು ನಕ್ಷತ್ರಗಳ ವೇಗದಲ್ಲಿಯೇ ನಡೆಯುವವನಲ್ಲ. ತನ್ನ ಸ್ವಂತ ಗತಿಯಿಂದ ಹಿಂದೆ ಹಿಂದೆ ಉಳಿಯುವನು. ಅದಕ್ಕೂ ಆ ಯಂತ್ರವನ್ನು ಹೊಂದಿಸಬೇಕಾಗಿದ್ದಿತು.

ಕ್ರ್ಯಾನ್‌ಫರ್ಡಿನ ಚಿತ್ರಗಳಲ್ಲಿ ಜನರನ್ನು ಬಹುವಾಗಿ ಆಕರ್ಷಿಸಿದುವು ಜೋಡಿಚಿತ್ರಗಳು. ಚಂದ್ರನು ಭೂಮಿಗೆ ಯಾವಾಗಲೂ ಒಂದೇ ಮುಖವನ್ನು ತೋರುವನೆನ್ನುವುದು ಪೂರ್ತಿ ನಿಜವಲ್ಲ. ತಲೆಯನ್ನು ಅತ್ತಿತ್ತ ತುಸು ಅಲ್ಲಾಡಿಸುವಂತೆ ಅವನ ಮುಖವು ತಿಂಗಳಿಂದ ತಿಂಗಳಿಗೆ ಕೊಂಚ ಓರೆಯಾಗುವುದು. ಹೀಗೆ ಬೇರೆಬೇರೆ ಓರೆಯಲ್ಲಿದ್ದಾಗ ತೆಗೆದ ಎರಡು ಹುಣ್ಣಿಮೆಗಳನ್ನು ಜೋಡಿಸಿ, ಎರಡು ಕಣ್ಣುಗಳಿಗೆ ಎರಡು ಚಿತ್ರಗಳನ್ನು ತೋರುವ ಪೆಟ್ಟಿಗೆಯಲ್ಲಿಟ್ಟು ನೋಡಿದರೆ, ಚಪ್ಪಟೆಯ ತಟ್ಟೆಯಾಗಿದ್ದ ಚಂದ್ರನು ಉಂಡೆಯಾಗಿ ಉಬ್ಬಿ ನಿಲ್ಲುತ್ತಿದ್ದನು. ಸಾವಿರಾರು ಮೈಲಿ ಅಂತರದಲ್ಲಿ ಎರಡು ಕಣ್ಣುಗಳುಳ್ಳ ದೈತ್ಯನಿಗೆ ಮಾತ್ರ ಕಾಣಬಹುದಾದ ನೋಟವದು. ಅದು ಮನೆಯ ಹಜಾರದಲ್ಲಿ ಕುಳಿತವರಿಗೆ ಕಾಣಿಸಿತು. ರಾಜಕೀಯ ಜ್ಯೋತಿಷ ಸಂಘವು ೧೮೬೨ರಲ್ಲಿ ಈ ಕಾಗದದ ವರ್ತಕನಿಗೆ ತನ್ನ ಚಿನ್ನದ ಪದಕವನ್ನು ಕೊಟ್ಟು ಗೌರವಿಸಿತು.

ಚಂದ್ರನ ಮಟ್ಟಿಗೆ ಹೀಗೆ ಕೆಲಸ ಸಾಗಿತು. ಗ್ರಹಗಳ ವಿಷಯ ಬೇರೆ. ಒಂದು ಲೆಕ್ಕವನ್ನು ಹಾಕಿ ನೋಡಿದರೆ ಕಷ್ಟವು ತಿಳಿಯುವುದು. ದೂರದರ್ಶಕದ ನಾಭಿಯಲ್ಲಿ ಬೀಳುವ ಚಂದ್ರಬಿಂಬದ ಅಗಲವು ನಾಭಿದೂರದ ನೂರಹತ್ತನೆಯ ಒಂದು ಪಾಲಿನಷ್ಟು. ಡಿ ಲಾ ರೂವಿನ ದರ್ಪಣದ ನಾಭಿದೂರ ಹತ್ತಡಿ. ಆದುದರಿಂದ ಅವನ ಚಂದ್ರನು ಒಂದಂಗುಲಕ್ಕೆ ತುಸು ಮಿಗಿಲು, ಒಂದು ದೊಡ್ಡ ನಾಣ್ಯದಷ್ಟು. ಅದೇ ದೂರದರ್ಶಕದಲ್ಲಿ ಬೃಹಸ್ಪತಿಯು ಅತ್ಯಂತ ಸಮೀಪವಿದ್ದಾಗಲೂ ಅಂಗುಲದ ಮೂವತ್ತನೆಯ ಒಂದು ಪಾಲನ್ನು ದಾಟನು. ಅಂಗಾರಕನು ಅದಕ್ಕೂ ಸಣ್ಣವನು. ಸಾಸಿವೆಯ ಕಾಳು ಇದರ ಮುಂದೆ ದೊಡ್ಡದು. ಆ ಚುಕ್ಕೆಯೊಳಗೆ ಬೃಹಸ್ಪತಿಯ ಪಟ್ಟೆಗಳೂ ಕೆಂಗಲೆಯೂ ಅಡಗಿರಬೇಕು. ಬಿಂಬವನ್ನು ಮಸೂರದಿಂದ ಹಿಗ್ಗಿಸಿದರೆ ಬೆಳಕು ತೆಳುವಾಗುವುದು. ಬೆಳಕು ತೆಳುವಾದರೆ ಹೆಚ್ಚು ಹೊತ್ತು ಒಡ್ಡಬೇಕು. ಹೆಚ್ಚು ಹೊತ್ತು ಒಡ್ಡಿದರೆ ಬಿಂಬವು ನಡುಗಿ ಕದಡುವುದು. ಮುಂದಿನ ನೂರು ವರ್ಷಗಳ ಪ್ರಯತ್ನವೆಲ್ಲ ಈ ಮೂರು ಕೊಂಡಿಯ ಸರಪಳಿಯನ್ನು ಬಿಡಿಸುವುದರಲ್ಲಿಯೇ ಕಳೆಯಿತೆಂದರೂ ಸಲ್ಲುವುದು.

ಬಿಂಬವೇಕೆ ನಡುಗುವುದೆಂಬುದನ್ನು ಬೇಸಿಗೆಯ ಮಧ್ಯಾಹ್ನ ಕಾದ ಬಂಡೆಯ ಮೇಲಿನ ಗಾಳಿಯಾಚೆಗೆ ನೋಡಿದವರಿಗೆ ವಿವರಿಸಬೇಕಾಗಿಲ್ಲ. ಬಿಸಿ ಗಾಳಿಯೂ ತಂಪು ಗಾಳಿಯೂ ಬೆರೆಯುವಲ್ಲಿ ಬೆಳಕಿನ ದಾರಿ ಸೊಟ್ಟಗಾಗುವುದು. ಆಕಾಶದಿಂದ ಇಳಿಯುವ ಬೆಳಕೆಲ್ಲವೂ ಇಂತಹ ಗಾಳಿಯ ಪದರಗಳನ್ನು ಹಾದು ಬರಬೇಕು. ಹರಿಯುವ ನೀರಿನ ತಳದಲ್ಲಿರುವ ನಾಣ್ಯದಂತೆ ಗ್ರಹವು ಕುದಿಯುತ್ತ, ತೇಲುತ್ತ ಕಾಣುವುದು. ಆದರೆ ನೀರು ಒಮ್ಮೊಮ್ಮೆ ಕ್ಷಣಕಾಲ ತಿಳಿಯಾಗುವುದುಂಟು. ಆ ಕ್ಷಣದಲ್ಲಿ ನಾಣ್ಯದ ಮೇಲಿನ ಅಕ್ಷರಗಳೂ ಕಾಣುವುವು. ದೂರದರ್ಶಕಕ್ಕೆ ಕಣ್ಣಿಟ್ಟು ಕುಳಿತವನು ಅಂತಹ ಕ್ಷಣಗಳಿಗಾಗಿ ಕಾದು, ಕಂಡುದನ್ನು ನೆನಪಿನಲ್ಲಿಟ್ಟು, ಕದಡಿದುದನ್ನು ಮರೆಯುವನು. ಛಾಯಾಫಲಕಕ್ಕೆ ಈ ವಿವೇಕವಿಲ್ಲ. ತಿಳಿಯನ್ನೂ ಕದಡನ್ನೂ ಅದು ಒಂದರ ಮೇಲೊಂದು ಹೇರಿಕೊಳ್ಳುವುದು. ನಕ್ಷತ್ರಗಳನ್ನು ಎಣಿಸುವುದರಲ್ಲಿಯೂ ನೀಹಾರಿಕೆಗಳನ್ನು ಕಾಣಿಸುವುದರಲ್ಲಿಯೂ ಕಣ್ಣನ್ನು ಸೋಲಿಸಿದ ಫಲಕವು ಗ್ರಹಗಳ ವಿಷಯದಲ್ಲಿ ಮಾತ್ರ ಪೆನ್ಸಿಲು ಹಿಡಿದ ಸಾಧಾರಣ ವೀಕ್ಷಕನಿಗೂ ಸೋತುದು ಇದರಿಂದಲೇ.

ಈ ಅಡಚಣೆಗಳ ನಡುವೆಯೂ ಸ್ವಂತ ಮನೆಯ ಹಿತ್ತಿಲಿನಲ್ಲಿ ದುಡಿದವರ ಸಂಖ್ಯೆ ಬೆಳೆಯಿತು. ನ್ಯೂಯಾರ್ಕಿನ ವಕೀಲನಾದ ಲೂಯಿ ರದರ್‌ಫರ್ಡನು ನಗರದ ನಡುವಣ ತನ್ನ ತೋಟದಲ್ಲಿ ೧೮೬೪ರಲ್ಲಿ ಹನ್ನೊಂದೂಕಾಲು ಅಂಗುಲದ ಮಸೂರವೊಂದನ್ನು ಛಾಯಾಚಿತ್ರಕ್ಕೆಂದೇ ಮಾಡಿಸಿದನು. ಕಣ್ಣಿಗೆ ಹಳದಿಯ ಬೆಳಕು ಪ್ರಧಾನ. ಅಂದಿನ ಫಲಕಗಳಿಗೆ ನೀಲಿಯ ಬೆಳಕು. ಕಣ್ಣಿಗೆ ಸರಿಯಾದ ಮಸೂರವು ನೀಲಿಯ ಕಿರಣಗಳನ್ನು ಬೇರೆಡೆ ಕೂಡಿಸುವುದರಿಂದ ಚಿತ್ರವು ಮಸಕಾಗುತ್ತಿದ್ದಿತು. ರದರ್‌ಫರ್ಡನ ಮಸೂರವು ನೀಲಿಗೆ ಸರಿಹೊಂದಿದುದು. ಕಣ್ಣಿಟ್ಟು ನೋಡುವವನಿಗೆ ಅದು ನಿಷ್ಪ್ರಯೋಜಕ. ೧೮೬೫ರ ಮಾರ್ಚಿಯಲ್ಲಿ ಅದರಿಂದ ತೆಗೆದ ಅರ್ಧಚಂದ್ರನ ಚಿತ್ರವು ಬಹುಕಾಲದವರೆಗೆ ಮೇಲ್ಪಂಕ್ತಿಯಾಗಿ ಉಳಿಯಿತು. ಹುಣ್ಣಿಮೆಗಿಂತ ಅರ್ಧಚಂದ್ರನು ಚಿತ್ರಕ್ಕೆ ಮೇಲೆಂಬುದನ್ನು ಈ ಕೆಲಸಗಾರರೆಲ್ಲ ಬಲ್ಲರು. ಹುಣ್ಣಿಮೆಯ ದಿನ ಸೂರ್ಯನು ಚಂದ್ರನ ನೆತ್ತಿಯ ಮೇಲಿರುವುದರಿಂದ ನೆರಳೇ ಇಲ್ಲ. ಬೆಟ್ಟಗಳೂ ಬಯಲೂ ಒಂದೇ ಬಿಳುಪು. ಹಗಲಿರುಳುಗಳ ಗಡಿಯಲ್ಲಿಯಾದರೆ ಸಣ್ಣ ದಿಬ್ಬವೂ ಉದ್ದವಾದ ನೆರಳನ್ನು ಚೆಲ್ಲುವುದು.

ಹಿರಿಯ ಡ್ರೇಪರನ ಮಗ ಹೆನ್ರಿ ಡ್ರೇಪರನ ಕತೆಯನ್ನು ಇಲ್ಲಿ ಹೇಳಲೇಬೇಕು. ೧೮೫೭ರಲ್ಲಿ ಅವನು ಐರ್ಲೆಂಡಿನ ಲಾರ್ಡ್ ರಾಸ್ ಎಂಬ ಪ್ರಭುವಿನ ಮಹಾದೂರದರ್ಶಕವನ್ನು ಕಂಡು, ಊರಿಗೆ ಮರಳಿ ತಾನೇ ಒಂದು ಲೋಹದರ್ಪಣವನ್ನು ಎರಕಹೊಯ್ದು ಅರೆದನು. ಚಳಿಗಾಲದ ಹಿಮಕ್ಕೆ ಅದು ಸೀಳಿಹೋಯಿತು. ಲೋಹವನ್ನು ಬಿಟ್ಟು ಗಾಜಿಗೆ ಬೆಳ್ಳಿಯನ್ನು ಲೇಪಿಸಬೇಕೆಂದು ಇಂಗ್ಲೆಂಡಿನ ಜಾನ್ ಹರ್ಷೆಲನಿಂದ ಸೂಚನೆ ಬಂದಿತು. ಯುವಕನು ನೂರಕ್ಕೆ ಮೇಲ್ಪಟ್ಟು ದರ್ಪಣಗಳನ್ನು ಅರೆದು ಕೈಪಳಗಿಸಿಕೊಂಡು, ಹದಿನೈದೂವರೆ ಅಂಗುಲದ ಗಾಜಿನ ದರ್ಪಣವನ್ನು ಸಿದ್ಧಮಾಡಿ, ಹಡ್ಸನ್ ನದಿಯ ದಂಡೆಯ ಹೇಸ್ಟಿಂಗ್ಸ್ ಗ್ರಾಮದಲ್ಲಿದ್ದ ತಮ್ಮ ಮನೆಯ ಬಳಿ ನಿಲ್ಲಿಸಿದನು. ೧೮೬೩ರಲ್ಲಿ ಅವನು ತೆಗೆದ ಚಂದ್ರಚಿತ್ರಗಳು ಸುಮಾರು ೧,೫೦೦. ಅದಕ್ಕಿಂತಲೂ ದೊಡ್ಡ ಉಪಕಾರವೆಂದರೆ, ದರ್ಪಣವನ್ನು ಮಾಡುವ ಕ್ರಮವನ್ನು ಮರೆಮಾಚದೆ ೧೮೬೪ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದುದು. ಗಾಜಿನ ದರ್ಪಣವನ್ನು ತಾವೇ ಅರೆದುಕೊಳ್ಳಬೇಕೆನ್ನುವ ಹವ್ಯಾಸಿಗಳಿಗೆ ಅದು ಬಹುಕಾಲ ಕೈಪಿಡಿಯಾಗಿದ್ದಿತು.

ಛಾಯಾಚಿತ್ರವು ಸುಳ್ಳು ಹೇಳದೆಂಬ ನಂಬಿಕೆ ಆ ಕಾಲದಲ್ಲಿ ಬಲವಾಗಿದ್ದಿತು. ಆದರೆ ಆ ನಂಬಿಕೆಯನ್ನು ಪರೀಕ್ಷಿಸಿದ ಎರಡು ಪ್ರಸಂಗಗಳು ಇದೇ ಚರಿತ್ರೆಯಲ್ಲಿವೆ. ಹಬೆಯ ಸುತ್ತಿಗೆಯನ್ನು ನಿರ್ಮಿಸಿ ಹೆಸರಾದ ಎಂಜಿನಿಯರ್ ಜೇಮ್ಸ್ ನ್ಯಾಸ್ಮಿತನು ಕಾರ್ಪೆಂಟರನೊಡಗೂಡಿ ೧೮೭೪ರಲ್ಲಿ ಚಂದ್ರನನ್ನು ಕುರಿತು ಒಂದು ಗ್ರಂಥವನ್ನು ಹೊರಡಿಸಿದನು. ಡಿ ಲಾ ರೂವಿಗೆ ಆಕಾಶದ ಹುಚ್ಚನ್ನು ಹಿಡಿಸಿದವನೂ ಇವನೇ. ಚಂದ್ರನ ಕುಳಿಗಳೂ ಶಿಖರಗಳೂ ಎದ್ದುಕಾಣುವ ಛಾಯಾಚಿತ್ರಗಳು ಆ ಗ್ರಂಥದಲ್ಲಿದ್ದುವು. ಹಿಂದೆ ಯಾರೂ ಅಂತಹವನ್ನು ಕಂಡಿರಲಿಲ್ಲ; ಕಾಣುವಂತೆಯೂ ಇರಲಿಲ್ಲ. ಏಕೆಂದರೆ ಅವು ಚಂದ್ರನ ಚಿತ್ರಗಳಾಗಿರಲಿಲ್ಲ. ದೂರದರ್ಶಕದಲ್ಲಿ ವರ್ಷಗಟ್ಟಲೆ ನೋಡಿ ಬರೆದ ರೇಖಾಚಿತ್ರಗಳ ಆಧಾರದಿಂದ ನ್ಯಾಸ್ಮಿತನು ಸುಣ್ಣದ ಗಾರೆಯಂತಹ ಪುಡಿಯಿಂದ ಮಾದರಿಗಳನ್ನು ಮಾಡಿ, ಅವನ್ನು ಓರೆಯ ಬಿಸಿಲಿನಲ್ಲಿಟ್ಟು ತೆಗೆಸಿದ ಚಿತ್ರಗಳವು. ಚಂದ್ರನ ಮೈ ಹೇಗೆ ಸುಕ್ಕುಗಟ್ಟಿತೆಂಬುದನ್ನು ತೋರಿಸಲು ಬಾಡಿದ ಸೇಬು ಹಣ್ಣಿನ ಮತ್ತು ಮುದಿಯ ಕೈಯ ಚಿತ್ರಗಳನ್ನೂ ಪಕ್ಕಪಕ್ಕದಲ್ಲಿ ಕೊಟ್ಟಿದ್ದನು. ಗ್ರಂಥಕಾರರು ಮಾದರಿಗಳ ಸಂಗತಿಯನ್ನು ಬಚ್ಚಿಡಲಿಲ್ಲವಾದುದರಿಂದ ಇದನ್ನು ವಂಚನೆಯೆನ್ನಲಾಗದು. ಆದರೂ ಮಾದರಿಯಲ್ಲಿ ಕಡಿದಾಗಿ ನಿಂತ ಶಿಖರಗಳು ನಿಜವಾದ ಚಂದ್ರನಲ್ಲಿ ಇಳಿಜಾರಾದ ಗುಡ್ಡಗಳೆಂದು ಮುಂದೆ ತಿಳಿದುಬಂದಿತು. ಕ್ಯಾಮರಾ ತನ್ನ ಮುಂದಿಟ್ಟುದನ್ನು ಪ್ರಾಮಾಣಿಕವಾಗಿ ತೋರಿಸಿತು; ಮುಂದಿಟ್ಟುದು ಮನುಷ್ಯನ ಊಹೆಯಾಗಿದ್ದಿತು, ಅಷ್ಟೆ.

ಎರಡನೆಯ ಪ್ರಸಂಗವು ಅಂಗಾರಕನದು. ಇಟಲಿಯ ಸ್ಕಿಯಾಪರೆಲ್ಲಿಯು ೧೮೭೭ರಲ್ಲಿ ಅಂಗಾರಕನ ಮೇಲೆ ಗೆರೆಗಳನ್ನು ಕಂಡುದಾಗಿ ಬರೆದನು. ಅಮೆರಿಕೆಯ ಧನಿಕ ಪರ್ಸಿವಲ್ ಲೋವೆಲನು ಅವು ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳೆಂದು ಸಾರಿ, ಅದಕ್ಕಾಗಿಯೇ ಅರಿಜೋನಾದ ಫ್ಲ್ಯಾಗ್‌ಸ್ಟಾಫಿನಲ್ಲಿ ೧೮೯೪ರಲ್ಲಿ ವೇಧಶಾಲೆಯನ್ನು ಕಟ್ಟಿಸಿದನು. ಕಾಣದವರು ಕಾಣಲಿಲ್ಲವೆಂದರು, ಕಂಡವರು ಕಂಡೆವೆಂದರು. ಈ ವ್ಯಾಜ್ಯದಲ್ಲಿ ಛಾಯಾಫಲಕವೇ ನಿಷ್ಪಕ್ಷಪಾತಿಯಾದ ಸಾಕ್ಷಿಯಾಗಬಲ್ಲುದೆಂದು ಉಭಯ ಪಕ್ಷದವರೂ ಎಣಿಸಿದರು. ೧೯೦೫ರಲ್ಲಿ ಲೋವೆಲನ ಸಹಾಯಕನಾದ ಲ್ಯಾಂಪ್ಲೆಂಡನು ಅಂಗಾರಕನ ಚಿತ್ರಗಳನ್ನು ತೆಗೆದನು. ೧೯೦೭ರಲ್ಲಿ ದಕ್ಷಿಣ ಅಮೆರಿಕೆಯ ಚಿಲಿಯ ಮರುಭೂಮಿಗೆ ಹೋದ ತಂಡವು ಹದಿಮೂರು ಸಾವಿರ ಬಿಂಬಗಳನ್ನು ಹೊತ್ತು ತಂದಿತು. ಒಂದೊಂದು ಬಿಂಬವೂ ಕಾಲಂಗುಲದಷ್ಟು. ಮುದ್ರಣದಲ್ಲಿ ಅದರ ಸೂಕ್ಷ್ಮವೆಲ್ಲ ಅಳಿಸಿಹೋಗುತ್ತಿದ್ದಿತು. ಗೆರೆಗಳನ್ನು ಕೈಯಿಂದ ತಿದ್ದಿ ಅಚ್ಚುಹಾಕೋಣವೆಂದು ಪತ್ರಿಕೆಯವರು ಸೂಚಿಸಿದಾಗ ಲೋವೆಲನು ಖಂಡಿತವಾಗಿ ಒಪ್ಪಲಿಲ್ಲ. ಇದು ಅವನ ಗೌರವಕ್ಕೆ ಸಲ್ಲತಕ್ಕ ಮಾತು. ಆದರೆ ಮೂಲಚಿತ್ರವನ್ನು ಭೂತಗನ್ನಡಿಯಿಂದ ನೋಡಿದವರೂ ತಮ್ಮ ತಮ್ಮ ಪೂರ್ವನಿಶ್ಚಯವನ್ನೇ ಅದರಲ್ಲಿ ಕಂಡರು. ಸಾಕ್ಷಿಯು ಬಂದು ನಿಂತಿತು, ಮಾತನಾಡಲಿಲ್ಲ. ೧೯೦೯ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಬಳಿಯ ಮ್ಯೂದೋನಿನ ದೊಡ್ಡ ದೂರದರ್ಶಕದಲ್ಲಿ, ಗಾಳಿ ಅಪೂರ್ವವಾಗಿ ತಿಳಿಯಾಗಿದ್ದ ರಾತ್ರಿ, ಆಂಟೋನಿಯಾಡಿಯು ಕಣ್ಣಿನಿಂದಲೇ ನೋಡಿ, ಗೆರೆಗಳೆಲ್ಲ ಒಡೆದು ಅಂಕುಡೊಂಕಾದ ಸಣ್ಣ ಕಲೆಗಳಾಗುವುದನ್ನು ಕಂಡನು. ಕಡೆಯ ತೀರ್ಪು ಬಂದುದು ೧೯೬೫ರ ಜುಲೈಯಲ್ಲಿ, ಮರೀನರ್-೪ ಎಂಬ ನೌಕೆಯು ಅಂಗಾರಕನ ಪಕ್ಕದಲ್ಲಿ ಹಾದು ಕುಳಿಬಿದ್ದ ಬರಡು ನೆಲವನ್ನು ತೋರಿಸಿದಾಗ.

ಕದಡನ್ನು ಬಿಟ್ಟು ತಿಳಿಯಾದ ಕ್ಷಣವನ್ನು ಮಾತ್ರ ಹಿಡಿಯುವ ಬಗೆ ಹೇಗೆ? ಇದರ ಮೊದಲ ಹೆಜ್ಜೆಯನ್ನು ಇಟ್ಟವನು ಫ್ರಾನ್ಸಿನ ಜಾನ್ಸೆನ್. ೧೮೬೮ರ ಸೂರ್ಯಗ್ರಹಣಕ್ಕೆ ಗುಂಟೂರಿಗೂ ೧೮೭೧ನೆಯ ಡಿಸೆಂಬರ್ ೧೨ರ ಗ್ರಹಣಕ್ಕೆ ನೀಲಗಿರಿಗೂ ಬಂದಿದ್ದವನು ಇವನು. ಎರಡನೆಯ ಗ್ರಹಣದ ದಿನವೇ ಇಂಗ್ಲೆಂಡಿನ ಲಾಕ್ಯರನ ತಂಡವು ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಬೇಕಲ ಕೋಟೆಯಲ್ಲಿ ಬಿಡಾರ ಹೂಡಿ, ಸೂರ್ಯನ ಸುತ್ತಣ ಪ್ರಭಾವಲಯದ ಛಾಯಾಚಿತ್ರಗಳನ್ನು ಪಡೆಯಿತು. ಕೆಳದಿಯ ಅರಸರ ಕಾಲದ ಆ ಕೋಟೆಯ ಮೇಲೆ ಛಾಯಾಫಲಕಗಳನ್ನು ತೊಳೆದರೆಂಬುದನ್ನು ಅಲ್ಲಿಗೆ ಹೋಗುವವರಲ್ಲಿ ಎಷ್ಟು ಮಂದಿ ಬಲ್ಲರೋ! ಜಾನ್ಸೆನನಾದರೋ ೧೮೭೪ರಲ್ಲಿ ಶುಕ್ರನು ಸೂರ್ಯಬಿಂಬವನ್ನು ದಾಟಿದ ಸಂದರ್ಭಕ್ಕಾಗಿ ‘ಛಾಯಾಚಿತ್ರದ ರಿವಾಲ್ವರ್’ ಒಂದನ್ನು ಮಾಡಿಸಿ ಜಪಾನಿಗೆ ಒಯ್ದನು. ತಿರುಗುವ ಫಲಕದ ಮೇಲೆ ೭೨ ಸೆಕೆಂಡುಗಳಲ್ಲಿ ೪೮ ಚಿತ್ರಗಳನ್ನು ಅದು ಸಾಲಾಗಿ ತೆಗೆಯುತ್ತಿದ್ದಿತು. ಒಂದು ಸರಿಯಾದ ಚಿತ್ರಕ್ಕಾಗಿ ಪರದಾಡುವುದರ ಬದಲು ಹಲವನ್ನು ತೆಗೆದು ಬೇಕಾದುದನ್ನು ಆರಿಸಿಕೊಳ್ಳುವ ವಿಚಾರಕ್ಕೆ ಇಲ್ಲಿಂದ ದಾರಿ ತೆರೆಯಿತು.

ಮುಂದೆ ಫ್ಲ್ಯಾಗ್‌ಸ್ಟಾಫಿನ ಸ್ಲೈಫರನೂ, ೧೯೪೦ರ ದಶಕದಲ್ಲಿ ಪಿರನೀಸ್ ಪರ್ವತದ ಪಿಕ್ ದ್ಯು ಮಿದಿ ವೇಧಶಾಲೆಯ ಲಿಯೋ ಮತ್ತು ಸಂಗಡಿಗರೂ ಹಲವು ಚಿತ್ರಗಳಲ್ಲಿ ಉತ್ತಮವಾದುವನ್ನು ಆರಿಸಿ, ಕತ್ತಲೆಯ ಕೋಣೆಯಲ್ಲಿ ಒಂದರ ಮೇಲೊಂದನ್ನು ಸರಿಯಾಗಿ ಕೂಡಿಸಿ ಅಚ್ಚೊತ್ತಿದರು. ಫಲಕದ ಬೆಳ್ಳಿಯ ಕಣಗಳಿಂದಾದ ಒರಟುತನವು ಪ್ರತಿಯೊಂದರಲ್ಲಿಯೂ ಬೇರೆಬೇರೆ. ಗ್ರಹದ ಲಕ್ಷಣವು ಎಲ್ಲದರಲ್ಲಿಯೂ ಒಂದೇ. ಕೂಡಿಸಿದಾಗ ಒರಟುತನವು ಕರಗಿ ಲಕ್ಷಣವು ನಿಲ್ಲುವುದು. ಹನಿಗೂಡಿ ಹಳ್ಳವಾಗುವುದೆಂದರೆ ಇದೇ. ಆದರೆ ಐದಾರು ಚಿತ್ರಗಳನ್ನು ಕೂಡಿಸುವುದಕ್ಕೇ ಒಂದು ಹಗಲು ಸಾಲದು. ಮನೆಯ ಹವ್ಯಾಸಿಗೆ ಇದು ನಿಲುಕದ ಮಾತು. ಚಂದ್ರನನ್ನು ಫಿಲ್ಮಿನ ಮೇಲೆ ಚೆನ್ನಾಗಿಯೇ ತೆಗೆಯುತ್ತಿದ್ದ ಹಿತ್ತಿಲಿನ ದೂರದರ್ಶಕಗಳು ಗ್ರಹಗಳಿಗೆ ಬಂದರೆ ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಮಸುಕಾದ ಚುಕ್ಕೆಗಳಿಗೇ ತೃಪ್ತಿಪಟ್ಟುವು.

೧೯೭೮ರಲ್ಲಿ ಡೇವಿಡ್ ಫ್ರೀಡ್ ಎಂಬ ಅಮೆರಿಕೆಯ ವಿದ್ವಾಂಸನು ಒಂದು ಲೆಕ್ಕವನ್ನು ಪ್ರಕಟಿಸಿದನು. ತಿಳಿಯಾದ ಕ್ಷಣವು ಎಷ್ಟು ಬಾರಿಗೊಮ್ಮೆ ದೊರೆಯುವುದೆಂಬುದೇ ಆ ಲೆಕ್ಕ. ಸಾಧಾರಣವಾದ ಒಳ್ಳೆಯ ರಾತ್ರಿಯಲ್ಲಿ ಗಾಳಿಯ ಸಮವಾದ ತುಂಡುಗಳು ನಾಲ್ಕಂಗುಲದಷ್ಟಿರುವುವೆಂದು ಇಟ್ಟುಕೊಂಡರೆ, ಇಪ್ಪತ್ತಂಗುಲದ ದೂರದರ್ಶಕಕ್ಕೆ ಸುಮಾರು ಒಂಬತ್ತು ಕ್ಷಣಗಳಲ್ಲಿ ಒಂದು ತಿಳಿಯಾಗಿ ಒದಗುವುದು. ಇಪ್ಪತ್ತೆಂಟಂಗುಲಕ್ಕೆ ಮುನ್ನೂರು ನಾನೂರರಲ್ಲಿ ಒಂದು. ನಲವತ್ತಂಗುಲಕ್ಕೆ ಹತ್ತು ಲಕ್ಷದಲ್ಲಿ ಒಂದು. ಕನ್ನಡಿ ಹಿರಿದಾದಷ್ಟೂ ಅದರ ಮುಂದೆ ಹಾಯುವ ಗಾಳಿಯ ತುಂಡುಗಳು ಹೆಚ್ಚು. ಅವೆಲ್ಲವೂ ಒಟ್ಟಿಗೆ ಶಾಂತವಾಗುವುದು ಅಪರೂಪ. ದೊಡ್ಡ ಸಭೆಯು ಏಕಾಭಿಪ್ರಾಯಕ್ಕೆ ಬರುವುದು ಕಷ್ಟವಲ್ಲವೆ? ಹಿತ್ತಿಲಿನ ಸಣ್ಣ ದೂರದರ್ಶಕವನ್ನು ಅನುಕೂಲವಿಲ್ಲದವರ ಸಾಧನವೆಂದು ಕಡೆಗಣಿಸುತ್ತಿದ್ದವರು ಈ ಲೆಕ್ಕವನ್ನು ನೋಡಬೇಕು. ಸ್ವಭಾವತಃ ಗಾಳಿಯೇ ಅದಕ್ಕೆ ಪಕ್ಷಪಾತಿ. ಬೇಕಾಗಿದ್ದುದು ಕ್ಷಣಗಳನ್ನು ಸಾವಿರಗಟ್ಟಲೆ ಹಿಡಿಯಬಲ್ಲ ಚುರುಕಾದ ಫಲಕವೊಂದೇ.

ಅದೂ ದೊರೆಯಿತು, ಯಾರೂ ಎಣಿಸದ ಕ್ರಮದಲ್ಲಿ. ೧೯೬೯ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ಎಂಬವರು ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸಿ ಲೆಕ್ಕವಿಡುವ ಸಿಲಿಕಾನ್ ತುಣುಕನ್ನು ರಚಿಸಿದರು. ೨೦೦೯ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಂದುದು ಇದಕ್ಕಾಗಿ. ಬೆಳಕಿನ ನೂರು ಕಣಗಳು ಬಿದ್ದರೆ ಛಾಯಾಫಲಕವು ಒಂದೆರಡನ್ನು ಗುರುತಿಸುವುದು. ಈ ತುಣುಕು ಅರ್ಧಕ್ಕೆ ಮೇಲ್ಪಟ್ಟು ಗುರುತಿಸಬಲ್ಲುದು. ಇಪ್ಪತ್ತನೆಯ ಶತಮಾನವು ಮುಗಿಯುವ ಹೊತ್ತಿಗೆ, ಗಣಕಯಂತ್ರದ ಮುಂದೆ ಕುಳಿತು ದೂರದ ಬಂಧುಗಳೊಡನೆ ಮುಖ ನೋಡಿ ಮಾತನಾಡಲೆಂದು ಮಾಡಿದ ವೆಬ್‌ಕ್ಯಾಮ್ ಎಂಬ ಅಗ್ಗದ ಪುಟ್ಟ ಕ್ಯಾಮರಾಗಳು ಅಂಗಡಿಗಳಿಗೆ ಬಂದುವು. ಹವ್ಯಾಸಿಗಳು ಅದರ ಮಸೂರವನ್ನು ಕಿತ್ತುಹಾಕಿ, ದೂರದರ್ಶಕದಲ್ಲಿ ಕಣ್ಣಿಡುವ ಜಾಗಕ್ಕೆ ಅದನ್ನು ಸಿಕ್ಕಿಸಿದರು. ಸೆಕೆಂಡಿಗೆ ಮೂವತ್ತು ಚಿತ್ರಗಳಂತೆ ಮೂರು ನಿಮಿಷ ಹಿಡಿದರೆ ೫,೪೦೦ ಚಿತ್ರಗಳಾದುವು. ಬೃಹಸ್ಪತಿಯು ಹತ್ತು ಗಂಟೆಗಳೊಳಗೇ ಒಂದು ಸುತ್ತು ತಿರುಗುವುದರಿಂದ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಲಾಗದು. ಇವುಗಳನ್ನು ಜಾಳಿಸಿ ಆರಿಸಲು ಹಾಲೆಂಡಿನ ಕಾರ್ ಬೆರೆವೂಟ್ಸ್ ಎಂಬವರು ೨೦೦೨ರಲ್ಲಿ ‘ರೆಜಿಸ್ಟ್ಯಾಕ್ಸ್’ ಎಂಬ ಗಣಕಸೂತ್ರವನ್ನು ರಚಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟರು. ಮೊರದಲ್ಲಿ ಕೇರಿ ಜೊಳ್ಳನ್ನು ತೂರಿ ಗಟ್ಟಿಕಾಳನ್ನು ಉಳಿಸಿಕೊಳ್ಳುವಂತೆ, ಅದು ಕದಡಿದ ಚಿತ್ರಗಳನ್ನು ಬಿಟ್ಟು ತಿಳಿಯಾದುವನ್ನು ಒಂದರ ಮೇಲೊಂದು ಕೂಡಿಸುವುದು. ಲಿಯೋ ದಿನವೆಲ್ಲ ಕುಳಿತು ಮಾಡಿದುದನ್ನು ಅದು ನಿಮಿಷಗಳಲ್ಲಿ ಮಾಡಿತು. ಕಣ್ಣಿನ ವಿವೇಕವು ಫಲಕಕ್ಕೂ ಬಂದಿತು. ನೂರೈವತ್ತು ವರ್ಷಗಳ ವ್ಯಾಜ್ಯವು ಹೀಗೆ ರಾಜಿಯಾಯಿತು.

ಫಲವು ಬರಲು ತಡವಾಗಲಿಲ್ಲ. ದೊಡ್ಡ ವೇಧಶಾಲೆಗಳಲ್ಲಿ ಒಂದೊಂದು ರಾತ್ರಿಗೂ ತಿಂಗಳುಗಳ ಮೊದಲೇ ಹಂಚಿಕೆಯಾಗಿರುವುದು. ಬೃಹಸ್ಪತಿಯನ್ನು ದಿನವೂ ನೋಡುವ ಬಿಡುವು ಅವಕ್ಕಿಲ್ಲ. ಹಿತ್ತಿಲಿನವರಿಗೆ ಉಂಟು. ಫಿಲಿಪ್ಪೀನ್ಸಿನ ಸೆಬು ನಗರದ ಕ್ರಿಸ್ಟೋಫರ್ ಗೋ ಎಂಬವರು ೨೦೦೬ನೆಯ ಫೆಬ್ರವರಿ ೨೪ರಂದು ಹನ್ನೊಂದಂಗುಲದ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ, ಬೃಹಸ್ಪತಿಯ ಮೇಲೆ ಅದುವರೆಗೆ ಬಿಳಿದಾಗಿದ್ದ ಒಂದು ಮಹಾಸುಳಿಯು ಕೆಂಪಾಗಿರುವುದನ್ನು ಕಂಡರು. ಮೂರು ಬಿಳಿಯ ಸುಳಿಗಳು ಕೂಡಿ ೨೦೦೦ದಲ್ಲಿ ಒಂದಾದುದು ಅದು. ಹಬಲ್ ದೂರದರ್ಶಕವು ಅದನ್ನು ನೋಡಿದುದು ಇವರು ಹೇಳಿದ ಮೇಲೆ, ಏಪ್ರಿಲ್ ತಿಂಗಳಲ್ಲಿ.

೨೦೦೯ನೆಯ ಜುಲೈ ೧೯ರ ರಾತ್ರಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ಬಳಿಯ ಮರಂಬೇಟ್‌ಮನ್ ಎಂಬ ಊರಿನಲ್ಲಿ ಆಂಥೋನಿ ವೆಸ್ಲಿ ಎಂಬವರು ತಾವೇ ಜೋಡಿಸಿದ ಹದಿನಾಲ್ಕೂವರೆ ಅಂಗುಲದ ದೂರದರ್ಶಕದಿಂದ ಬೃಹಸ್ಪತಿಯನ್ನು ಹಿಡಿಯುತ್ತಿದ್ದರು. ನಡುರಾತ್ರಿ ಕಳೆಯಿತು. ಇನ್ನು ಸಾಕೆಂದು ಎಲ್ಲವನ್ನೂ ಕಟ್ಟಿಡುವ ಯೋಚನೆ ಬಂದಿತು. ಕಡೆಗೆ ಕಟ್ಟಿಡದೆ, ಮನೆಯೊಳಕ್ಕೆ ಹೋಗಿ ಅರ್ಧ ಗಂಟೆ ಟೆಲಿವಿಷನ್ನಿನಲ್ಲಿ ಗಾಲ್ಫ್ ಪಂದ್ಯವನ್ನೂ ಕ್ರಿಕೆಟ್ಟನ್ನೂ ನೋಡಿ ಮರಳಿದರು. ಅಷ್ಟರಲ್ಲಿ ಬೃಹಸ್ಪತಿಯು ತುಸು ತಿರುಗಿದ್ದನು. ದಕ್ಷಿಣ ಧ್ರುವದ ಬಳಿ ಹಿಂದಿನ ರಾತ್ರಿಗಳಲ್ಲಿ ಇಲ್ಲದ ಕಪ್ಪು ಕಲೆಯೊಂದು ಕಾಣಿಸಿತು. ಉಪಗ್ರಹದ ನೆರಳೆಂದುಕೊಳ್ಳಲು ಅದರ ಸ್ಥಾನ ಹೊಂದುತ್ತಿರಲಿಲ್ಲ, ನಡೆಯೂ ಹೊಂದುತ್ತಿರಲಿಲ್ಲ. ವೆಸ್ಲಿಯವರು ಕೂಡಲೇ ಬಲ್ಲವರಿಗೆ ಬರೆದು ತಿಳಿಸಿದರು. ಮರುದಿನ ಹವಾಯಿ ದ್ವೀಪದ ಮೌನಾ ಕೀ ಪರ್ವತದ ಮೇಲಿನ ನಾಸಾ ಸಂಸ್ಥೆಯ ದೂರದರ್ಶಕವು ಅದೇ ಜಾಗವು ಅತಿರಕ್ತ ಕಿರಣಗಳಲ್ಲಿ ಹೊಳೆಯುತ್ತಿರುವುದನ್ನು ಕಂಡಿತು. ಜುಲೈ ೨೩ರಂದು ಹಬಲ್ ಅದರ ಚಿತ್ರವನ್ನು ತೆಗೆಯಿತು. ಯಾವುದೋ ಆಕಾಶಕಾಯವು ಬೃಹಸ್ಪತಿಗೆ ಬಡಿದು ಪೆಸಿಫಿಕ್ ಮಹಾಸಾಗರದಷ್ಟು ವಿಸ್ತಾರವಾದ ಗಾಯವನ್ನು ಮಾಡಿದ್ದಿತು. ೧೯೯೪ರಲ್ಲಿ ಶೂಮೇಕರ್-ಲೆವಿ ಧೂಮಕೇತುವಿನ ತುಂಡುಗಳು ಬಡಿದುದನ್ನು ಜಗತ್ತೆಲ್ಲ ಮೊದಲೇ ತಿಳಿದು ಕಾದು ನೋಡಿದ್ದಿತು. ಈ ಸಲ ಯಾರೂ ಕಾದಿರಲಿಲ್ಲ.

ಮರುವರ್ಷ, ೨೦೧೦ನೆಯ ಜೂನ್ ೩ರಂದು, ಅದೇ ವೆಸ್ಲಿಯವರು ಬೃಹಸ್ಪತಿಯನ್ನು ಹಿಡಿಯುತ್ತಿರುವಾಗ ಅದರ ಅಂಚಿನ ಬಳಿ ಒಂದು ಮಿಂಚು ಎರಡು ಸೆಕೆಂಡುಗಳ ಕಾಲ ಬೆಳಗಿ ಆರಿಹೋಯಿತು. ಒಬ್ಬನೇ ಕಂಡುದು; ಕ್ಯಾಮರಾದ ದೋಷವೆಂದರೆ ಉತ್ತರವಿಲ್ಲ. ಸುದ್ದಿಯು ಸೆಬು ನಗರದ ಗೋ ಅವರನ್ನು ಮುಟ್ಟಿತು. ಅದೇ ಹೊತ್ತಿನಲ್ಲಿ ತಾವೂ ಬೃಹಸ್ಪತಿಯನ್ನು ಹಿಡಿದಿದ್ದುದು ಅವರಿಗೆ ನೆನಪಾಗಿ, ತೆಗೆದಿಟ್ಟಿದ್ದ ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಸಾವಿರಾರು ಮೈಲಿ ದೂರದ ಆ ಹಿತ್ತಿಲಿನ ಚಿತ್ರಗಳಲ್ಲಿಯೂ, ಅದೇ ಜಾಗದಲ್ಲಿ, ಅದೇ ಕ್ಷಣದಲ್ಲಿ, ಆ ಮಿಂಚು ಇದ್ದಿತು.